ಮನೆಗೆ ಆಗದ ಸೂಜಿ

ಅಮ್ಮ ನಿವೃತ್ತ ನರ್ಸು. ನಿವೃತ್ತಿ ಎನ್ನುವುದು ಪಿಂಚಣಿ ಕಾಗದದ ಮೇಲಷ್ಟೇ ಉಂಟು. ಚರ್ಚಿನ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ತಿಂಗಳಿಗೊಮ್ಮೆ ಯಾವುದಾದರೂ ಹಳ್ಳಿಗೆ ಹೋಗಿ ಬಿಪಿ ನೋಡುತ್ತಾಳೆ, ಸಕ್ಕರೆ ನೋಡುತ್ತಾಳೆ, ಗುಳಿಗೆ ಸರಿಯಾಗಿ ನುಂಗದವರನ್ನು ಅವರ ಬೀಗರ ಎದುರೇ ಬೈದು ಬರುತ್ತಾಳೆ. ಹಾಗೆ ಹೋಗಿ ಬಂದ ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ನನ್ನ ಮೇಲೆ ಹರಿಹಾಯ್ದಳು.

"ಯಾವ ಔಷಧ ಆಗಂಗಿಲ್ಲ ಅಂತ ಕೇಳಿದ್ರ, ಕೆಂಪು ಗುಳಿಗಿ ಅಂತಾರ. ಯಾವ ಕೆಂಪು ಗುಳಿಗಿ? ನೂರಾ ಎಂಟು ಕೆಂಪು ಗುಳಿಗಿ ಅವ. ಒಬ್ಬೊಬ್ರಿಗಿ ಒಂದೊಂದು ಕಾರ್ಡ್ ಮಾಡಿ ಕೊಟ್ರ ಎಲ್ಲಿ ಹೋದ್ರೂ ತೋರಿಸ್ತಾರ. ನೀ ಇಷ್ಟು ವರ್ಷ ಕಂಪ್ಯೂಟರ್ ಕಲಸ್ಲಕತ್ತಿ, ಇಷ್ಟು ಮಾಡಿಕೊಡಲಕ ಬರಂಗಿಲ್ಲೇನು?"

ಬೀದರದ ಮನೆಯಲ್ಲಿ ನಾವು ಮೂವರು: ಅಮ್ಮ, ನಾನು, ನನ್ನ ತಮ್ಮ. ಭಾಲ್ಕಿಯ ಒಂದು ಕಾಲೇಜಿನಲ್ಲಿ ನಾನು ಪೈಥಾನ್ ಪಾಠ ಮಾಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೊರಡುವ ಮುಂಚೆ ಗ್ಯಾಸ್ ಬಂದ್ ಆಗಿದೆಯೇ ಎಂದು ಮೂರು ಸಲ ನೋಡುವ ಸ್ವಭಾವ ನನ್ನದು. ಅರ್ಧ ದಾರಿಯಲ್ಲಿ ಬಾಗಿಲ ಕೀಲಿಯ ನೆನಪಾಗಿ ತಮ್ಮನಿಗೆ ಫೋನು ಮಾಡಿ ಉಗಿಸಿಕೊಂಡದ್ದೂ ಇದೆ. ಇಷ್ಟು ಹೆದರುವವಳ ಕೈಯಿಂದ ತಪ್ಪಾಗುವುದಿಲ್ಲ ಎಂದು ನನಗೂ ಅನಿಸಿತ್ತು, ನಮ್ಮಮ್ಮನಿಗೂ ಅನಿಸಿತ್ತು.

ಕೆಲಸ ಹೀಗೆಂದು ಗೊತ್ತಾಯಿತು. ಪ್ರತಿ ಊರಿನಲ್ಲಿ ಅಮ್ಮನ ಪರಿಚಯದ ಒಬ್ಬ ಹೆಂಗಸು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಒಂದು ಮನೆಗೆ ಒಂದು ವಾಟ್ಸ್ಯಾಪ್ ಮೆಸೇಜು. ಅದರಲ್ಲಿ ಒಬ್ಬೊಬ್ಬರದು ಒಂದೊಂದು ಸಾಲು: ಹೆಸರು, ಊರು, ವಯಸ್ಸು, ಮೈಗೆ ಒಗ್ಗದ ಔಷಧ, ನಡುವೆ ಅಲ್ಪವಿರಾಮ. ನಾನು ಆ ಮೆಸೇಜನ್ನು ಪ್ರೋಗ್ರಾಮಿಗೆ ಹಾಕಿದರೆ ಆ ಮನೆಯವರ ಕಾರ್ಡುಗಳು ಪ್ರಿಂಟಾಗಿ ಹೊರಬರಬೇಕು.

ಬಂದ ಮೆಸೇಜುಗಳನ್ನು ನೋಡಿ ತಲೆ ಚಿಟ್ಟು ಹಿಡಿಯಿತು. ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಮರಾಠಿಯಲ್ಲಿ, ಮತ್ತೊಬ್ಬಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ. ಅಲ್ಪವಿರಾಮ ಇರಬೇಕಾದಲ್ಲಿ ಚುಕ್ಕೆ, ಚುಕ್ಕೆ ಇರಬೇಕಾದಲ್ಲಿ ಗುಲಾಬಿ ಹೂವು. ಪೆನಿಸಿಲಿನ್ ಎಂಬ ಒಂದು ಔಷಧ ಹನ್ನೊಂದು ವೇಷದಲ್ಲಿ ಬಂದಿತ್ತು. ನಿಜ ಹೇಳಬೇಕೆಂದರೆ ಇದು ನನಗೆ ಹಬ್ಬ. ಅಕ್ಷರಗಳ ಸಾಲಿಗೆ ಪೈಥಾನಿನಲ್ಲಿ ಸ್ಟ್ರಿಂಗ್ ಎನ್ನುತ್ತಾರೆ. ಅದನ್ನು ತೊಳೆದು ಬಳಿಯಲು ಸಿದ್ಧ ಮೆಥಡ್‌ಗಳಿವೆ. ಸ್ಟ್ರಿಪ್ ಎಂದರೆ ಎರಡೂ ತುದಿಯ ಖಾಲಿ ಜಾಗ ಹೋಯಿತು. ಸ್ಪ್ಲಿಟ್ ಎಂದರೆ ಅಲ್ಪವಿರಾಮ ಇದ್ದಲ್ಲಿ ತುಂಡಾಯಿತು. ರಿಪ್ಲೇಸ್ ಎಂದರೆ ತಪ್ಪು ರೂಪ ಹೋಗಿ ಸರಿಯಾದದ್ದು ಕುಳಿತಿತು. ಒಂದು ವಾರ ಊಟದ ತಾಟಿನ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಇದೇ ಮಾಡಿದೆ. ಹನ್ನೊಂದು ವೇಷದ ಪೆನಿಸಿಲಿನ್ ಒಂದೇ ಆಗಿ ಬಂದ ದಿನ ಅಮ್ಮನನ್ನು ಅಡುಗೆಮನೆಯಿಂದ ಎಳೆದು ತಂದು ತೋರಿಸಿದೆ.

ಆ ತೊಳೆಯುವ ಮೆಥಡ್‌ಗಳನ್ನೆಲ್ಲ ಒಂದು ಕ್ಲಾಸಿನೊಳಗೆ ಇಟ್ಟಿದ್ದೆ. ಕ್ಲಾಸ್ ಎಂದರೆ ಅಚ್ಚು. ಅದರಿಂದ ಎಷ್ಟು ಕಾರ್ಡು ಬೇಕಾದರೂ ತೆಗೆಯಬಹುದು. ಅಚ್ಚಿನ ತಲೆಯ ಮೇಲೆ, ಮೆಥಡ್‌ಗಳು ಶುರುವಾಗುವ ಮುಂಚೆ, ನಾಲ್ಕು ಸಾಲು ಒಂದೇ ಉಸಿರಿನಲ್ಲಿ ಬರೆದಿದ್ದೆ: ಹೆಸರು ಖಾಲಿ ಸ್ಟ್ರಿಂಗ್, ಊರು ಖಾಲಿ ಸ್ಟ್ರಿಂಗ್, ವಯಸ್ಸು ಖಾಲಿ ಸ್ಟ್ರಿಂಗ್, ಆಗದ ಔಷಧ ಖಾಲಿ ಲಿಸ್ಟ್. ಬರೆಯುವಾಗ ಕೈ ನಿಲ್ಲಲಿಲ್ಲ.

ಪರೀಕ್ಷೆಗೆ ನಮ್ಮದೇ ಮನೆಯ ಮೆಸೇಜು ಹಾಕಿದೆ. ಅಮ್ಮನಿಗೆ ಸಲ್ಫಾ ಗುಳಿಗೆ ಆಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ನುಂಗಿ ಬಾಯಿತುಂಬ ಗುಳ್ಳೆ ಎದ್ದು ಒಂದು ತಿಂಗಳು ಗಂಜಿ ಕುಡಿದಿದ್ದಳಂತೆ. ಅಂದಿನಿಂದ ನಮಗೆ ಜ್ವರ ಬರಲಿ ಕೆಮ್ಮು ಬರಲಿ, ಯಾವ ಡಾಕ್ಟರ ಮುಂದೆ ಕೂತರೂ ಅಮ್ಮನ ಮೊದಲ ಮಾತು ಒಂದೇ: "ನಮ್ಮ ಮನಿಗಿ ಸಲ್ಫಾ ಆಗಿ ಬರಂಗಿಲ್ರಿ." ಮೂರು ಕಾರ್ಡು ಬಂದವು. ಮೂರರಲ್ಲೂ ಸಲ್ಫಾ. ನಾನು ಹೆಸರು ನೋಡಿದೆ, ಊರು ನೋಡಿದೆ, ಅಕ್ಷರ ನೆಟ್ಟಗಿವೆಯೇ ನೋಡಿದೆ. ಅಮ್ಮ ಕನ್ನಡಕ ಏರಿಸಿ ಮೂರನ್ನೂ ಓದಿ "ಬರೋಬ್ಬರಿ ಅದ" ಎಂದಳು. ನನ್ನ ಕಾರ್ಡಿನಲ್ಲಿ ಸಲ್ಫಾ ಇದ್ದದ್ದು ನನಗೆ ತಪ್ಪೆಂದು ಕಾಣಲೇ ಇಲ್ಲ. ನಲವತ್ತು ವರ್ಷ ಅದನ್ನೇ ಕೇಳಿ ಬೆಳೆದಿದ್ದೆ.

ಮೊದಲು ಹಲಬರ್ಗಾದಲ್ಲಿ ಹಂಚಿದೆವು, ಆಮೇಲೆ ಠಾಣಾ ಕುಶನೂರಿನಲ್ಲಿ. ಪ್ಲಾಸ್ಟಿಕ್ ಹೊದಿಸಿದ, ಮೂಲೆ ದುಂಡಗೆ ಕತ್ತರಿಸಿದ ಕಾರ್ಡು. ಜನ ಅದನ್ನು ಆಧಾರ್ ಕಾರ್ಡಿನ ಪಕ್ಕದಲ್ಲಿಟ್ಟುಕೊಂಡರು. ಒಬ್ಬರೂ ಒಂದು ತಕರಾರು ತೆಗೆಯಲಿಲ್ಲ. ಯಾಕೆ ತೆಗೆದಾರು? ಇಲ್ಲಿ ಒಬ್ಬರಿಗೆ ಬದನೆಕಾಯಿ ತುರಿಕೆ ತಂದರೆ ಆ ಮನೆಯೊಳಗೆ ಬದನೆಕಾಯಿ ಕಾಲಿಡುವುದಿಲ್ಲ. ಅತ್ತೆಗೆ ಆಗದ್ದು ಸೊಸೆಗೂ ಆಗದು, ಅಪ್ಪನಿಗೆ ಬಾರದ್ದು ಮಗನಿಗೂ ಬಾರದು. ಮನೆಯೆಂದರೆ ಒಂದು ಮೈ ಎಂಬಂತೆಯೇ ಎಲ್ಲರ ಮಾತು. ಮನೆಯವರೆಲ್ಲರ ಕಾರ್ಡಿನಲ್ಲಿ ಒಂದೇ ಔಷಧ ಕಂಡಾಗ ಅವರಿಗೆ ಕಂಪ್ಯೂಟರಿನ ಮೇಲೆ ಗೌರವ ಹೆಚ್ಚಾಯಿತಷ್ಟೇ.

ಎರಡು ತಿಂಗಳು ನಾನು ನೆಮ್ಮದಿಯಿಂದಿದ್ದೆ. ಆಮೇಲೆ ಆ ಫೋನು ಬಂತು.

ಬೆಳಗಿನ ಹತ್ತೂವರೆ. ಭಾಲ್ಕಿಯ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಪ್ರೋಗ್ರಾಂ ಬರೆಯುತ್ತಿದ್ದರು. ಫೋನು ಠಾಣಾ ಕುಶನೂರಿನಿಂದ, ಅಲ್ಲಿ ಮನೆಮನೆಗೆ ಹೋಗಿ ಮೆಸೇಜು ಕಳಿಸಿದ ಹೆಂಗಸಿನದು. ಊರಲ್ಲಿ ಬಟ್ಟೆ ಹೊಲಿಯುತ್ತಾಳೆ; ಮಾತಾಡುವಾಗ ಹಿಂದೆ ಮಷಿನ್ನಿನ ಸದ್ದು ಇದ್ದೇ ಇರುತ್ತದೆ.

"ಮೇಡಂ, ನಿಮ್ಮ ಕಾರ್ಡಿಂದ ಭಾಳ ಉಪಕಾರ ಆಯ್ತು ನೋಡ್ರಿ," ಎಂದಳು. "ನಮ್ಮ ಓಣ್ಯಾಗ ಒಬ್ಬಾಕಿ ಹೊಸಾ ಸೊಸಿ ಬಂದಾಳಲ್ರಿ, ಕಮಲನಗರದಾಕಿ? ಅಕಿಗಿ ಸಣ್ಣಾಕಿ ಇದ್ದಾಗಿಂದ ಹಾರ್ಟಿಂದು ಏನೋ ಅದಂತ, ತಿಂಗಳಾ ತಿಂಗಳಾ ಸೂಜಿ ಹಾಕ್ತಾರ. ಔರಾದಕ್ಕ ಹಾಕಿಸ್ಕೊಳ್ಳಲಕ ಹೋದಾಗ ಕಾರ್ಡ್ ತೋರಿಸ್ಯಾರ. ನೋಡಿದ್ರ ಅಕಿಗೂ ಪೆನಿಸಿಲಿನ್ ಆಗಂಗಿಲ್ಲಂತ! ಅತ್ತಿಗಿ ಆಗಂಗಿಲ್ಲ, ಸೊಸಿಗೂ ಆಗಂಗಿಲ್ಲ. ಸೂಜಿ ಬಂದ್ ಮಾಡ್ಯಾರ. ಕಾರ್ಡ್ ಇರ್ಲಿಲ್ಲಂದ್ರ ಏನ್ ಗತಿ ಆಗ್ತಿತ್ರಿ?"

ಮೊದಲು ಖುಷಿಯಾಯಿತು. ಒಂದು ಗುಟುಕಿನಷ್ಟು ಹೊತ್ತು, ಅಷ್ಟೇ. ಆ ಸೂಜಿಯೇ ಪೆನಿಸಿಲಿನ್ನಿನದು; ಸಣ್ಣವಳಿದ್ದಾಗಿನಿಂದ ತಿಂಗಳಾ ತಿಂಗಳಾ ಹಾಕಿಸಿಕೊಂಡವಳಿಗೆ ಅದು ಆಗುವುದಿಲ್ಲ ಎಂದರೇನು?

"ಆ ಮನಿಯವ್ರ ಎಲ್ಲಾ ಕಾರ್ಡ್ ಫೋಟೋ ಹೊಡದು ಕಳಸ್ರಿ," ಎಂದೆ.

ಐದು ಕಾರ್ಡು. ಅತ್ತೆ, ಮಾವ, ಮಗ, ಸೊಸೆ, ಮತ್ತು ಮನೆಯ ಹಿರಿಮಗಳು ಹೆರಿಗೆಗೆ ಬಂದು ಹೆತ್ತ ಕೂಸು; ಅವಳ ಹೆಸರು ಹಲಬರ್ಗಾದ ಗಂಡನ ಮನೆಯ ಪಟ್ಟಿಯಲ್ಲಿತ್ತು. ಕೂಸಿನ ವಯಸ್ಸಿನ ಜಾಗದಲ್ಲಿ ಮೂರು ತಿಂಗಳು ಎಂದಿತ್ತು. ಅದರ ಕೆಳಗೆ, ನಾನು ಒಂದು ವಾರ ತಿಕ್ಕಿ ತೊಳೆದ ಚಂದದ ಅಕ್ಷರದಲ್ಲಿ, ಪೆನಿಸಿಲಿನ್. ಮೂರು ತಿಂಗಳ ಕೂಸಿಗೆ ಪೆನಿಸಿಲಿನ್ ಕೊಟ್ಟು ನೋಡಿದವರು ಯಾರು?

ಲ್ಯಾಪ್‌ಟಾಪ್ ತೆರೆದೆ. ಹುಡುಕುವ ಕೆಲಸವೇ ಇರಲಿಲ್ಲ. ಅಚ್ಚಿನ ತಲೆಯ ಮೇಲಿನ ನಾಲ್ಕನೆಯ ಸಾಲು ಅಲ್ಲೇ ಕೂತಿತ್ತು. ಅಚ್ಚಿನ ಮೇಲೆ ಬರೆದ ಲಿಸ್ಟು ಎಲ್ಲ ಕಾರ್ಡಿಗೂ ಸೇರಿ ಒಂದೇ. ಅತ್ತೆಯ ಕಾರ್ಡಿಗೆಂದು ಅದರಲ್ಲಿ ಪೆನಿಸಿಲಿನ್ ಸೇರಿಸಿದರೆ ಎಲ್ಲರ ಕಾರ್ಡಿಗೂ ಸೇರಿದಂತೆ. ಮೇಲಿನ ಮೂರು ಸಾಲಿನಿಂದ ಏನೂ ತೊಂದರೆಯಾಗಿರಲಿಲ್ಲ. ಸ್ಟ್ರಿಂಗನ್ನು ಇದ್ದಲ್ಲೇ ತಿದ್ದಲಾಗದು, ತೊಳೆದಾಗಲೆಲ್ಲ ಹೊಸದೊಂದು ಹುಟ್ಟಿ ಆಯಾ ಕಾರ್ಡಿನದೇ ಆಗುತ್ತದೆ. ಅದಕ್ಕೇ ಹೆಸರು ಸರಿಯಿತ್ತು, ಊರು ಸರಿಯಿತ್ತು. ಲಿಸ್ಟು ಹಾಗಲ್ಲ, ಇದ್ದಲ್ಲೇ ಬೆಳೆಯುತ್ತದೆ. ಮನೆಗೊಂದು ಸಲ ಪ್ರೋಗ್ರಾಂ ಹೊಸದಾಗಿ ಓಡುತ್ತಿದ್ದರಿಂದ ಒಂದು ಮನೆಯ ಔಷಧ ಇನ್ನೊಂದು ಮನೆಗೆ ದಾಟಿರಲಿಲ್ಲ. ದಾಟಿದ್ದರೆ ಮೊದಲ ದಿನವೇ ಯಾರಾದರೂ ಕೂಗುತ್ತಿದ್ದರು.

ಈ ತಪ್ಪನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಎರಡು ಡಬ್ಬಿ ಬರೆದು, ಬಾಣ ಹಾಕಿ, "ಇಲ್ಲಿ ಬರೀಬ್ಯಾಡ್ರಿ, ಇನಿಟ್ ಒಳಗ ಬರೀರಿ" ಎಂದು ಗಂಟಲು ಹರಿದುಕೊಳ್ಳುತ್ತೇನೆ. ಇನಿಟ್ ಎಂದರೆ ಅಚ್ಚಿನಿಂದ ಒಂದೊಂದು ಆಬ್ಜೆಕ್ಟ್, ಇಲ್ಲಿ ಒಂದೊಂದು ಕಾರ್ಡು, ಹುಟ್ಟುವಾಗ ಓಡುವ ಭಾಗ. ಪರೀಕ್ಷೆಯಲ್ಲಿ ತಪ್ಪಿದವರ ಅಂಕ ಕತ್ತರಿಸುವಾಗ ನನ್ನ ಪೆನ್ನು ನಡುಗಿದ್ದಿಲ್ಲ. ಆ ಸಾಲನ್ನು ಕತ್ತರಿಸಿ ಇನಿಟ್ ಒಳಗೆ ಅಂಟಿಸಿದೆ, ಮುಂದೆ ಸೆಲ್ಫ್, ಎಂದರೆ ಈ ಕಾರ್ಡಿನದೇ, ಎಂದು ಸೇರಿಸಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಹಳೆಯ ಮೆಸೇಜು ಹಾಕಿ ಓಡಿಸಿದೆ. ಅತ್ತೆಯ ಕಾರ್ಡಿನಲ್ಲಿ ಪೆನಿಸಿಲಿನ್, ಉಳಿದ ನಾಲ್ಕರಲ್ಲಿ ಏನೂ ಇಲ್ಲ.

ಮತ್ತೆ ಕುಶನೂರಿಗೆ ಫೋನು ಹಚ್ಚಿ ಕಾರ್ಡು ತಪ್ಪಾಗಿದೆ, ಸೊಸೆಗೆ ಸೂಜಿ ಆಗುತ್ತದೆ, ಈಗಿಂದೀಗ ಹೋಗಿ ಹೇಳಿರಿ ಎಂದೆ. ಮಷಿನ್ನಿನ ಸದ್ದು ನಿಂತಿತು.

"ಅವರೆಲ್ಲಿ ಅವರ್ರಿ ಮನ್ಯಾಗ? ಅಕಿಗಿ ನಾಕು ದಿನದಿಂದ ಜ್ವರ, ಮೊಣಕಾಲು ಬಾತಾವ, ಮೆಟ್ಟಲ ಹತ್ತಿದ್ರ ದಮ್ಮು ಬರ್ಲಕತ್ತದ. ಈಗ ಅತ್ತಿ ಔರಾದಕ್ಕ ಕರಕೊಂಡು ಹೋಗ್ಯಾಳ. ಫೋನಿನ್ಯಾಗ ಹೇಳಿದ್ರ ಅಕಿ ಕೇಳಾಕಿ ಅಲ್ರಿ ಮೇಡಂ. ಛಾಪಿಸಿದ ಕಾರ್ಡ್ ಅದ ಅಂತಾಳ. ನೀವೇ ಹೋಗ್ಬೇಕು."

ನಾಲ್ಕು ದಿನದ ಜ್ವರ, ಮೊಣಕಾಲಿನ ಬಾವು, ದಮ್ಮು. ನರ್ಸಿನ ಮಗಳಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ಸೂಜಿ ತಪ್ಪಿದ್ದವು, ಸೂಜಿ ತಡೆದಿಟ್ಟಿದ್ದ ಹಳೆಯ ಕೀಲುಜ್ವರ ಮರಳಿ ಹೃದಯದ ಕಡೆಗೆ ಹೊರಟಿತ್ತು. ಇಂದೂ ಕಾರ್ಡು ತೋರಿಸಿದರೆ ಮೂರನೆಯದೂ ತಪ್ಪುತ್ತದೆ.

ಲ್ಯಾಬಿನಿಂದ ಅಮ್ಮನಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಹಂಗಾರ ನಿನ್ನ ಕಾರ್ಡಿನ್ಯಾಗಿನ ಸಲ್ಫಾನೂ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

"ಹೂಂ. ನೀನೇ ಬರೋಬ್ಬರಿ ಅದ ಅಂದಿದ್ದಿ," ಎಂದೆ. ಸಿಟ್ಟೆಲ್ಲ ಅವಳ ಮೇಲೆ ಹೊರಳಿಸಿದರೆ ಹಗುರಾದೀತೆಂಬ ಸಣ್ಣತನ ನನ್ನದು. "ನರ್ಸ್ ಆಗಿ ನಿನಗ ಗೊತ್ತಿರ್ಲಿಲ್ಲೇನು, ಒಬ್ರಿಗಿ ಆಗಲಿಲ್ಲಂದ್ರ ಮನಿ ಮಂದಿಗೆಲ್ಲ ಆಗಂಗಿಲ್ಲ ಅನ್ನೂದು ಸುಳ್ಳು ಅಂತ?"

"ಗೊತ್ತಿತ್ತು," ಎಂದಳು ಅಮ್ಮ. "ನಿಮಗ ಕೊಟ್ಟು ನೋಡೂ ಧೈರ್ಯ ನನಗಿರ್ಲಿಲ್ಲ."

ಅಮ್ಮ ಅಳುತ್ತಿದ್ದಳೋ ಏನೋ, ಕೇಳುವ ಪುರುಸೊತ್ತು ಇರಲಿಲ್ಲ. ಹಲಬರ್ಗಾದ ಮನೆಗಳಿಗೆ ನೀನು ಹೋಗು, ಕುಶನೂರಿನ ಉಳಿದ ಮನೆಗಳಿಗೆ ಹೋಗಲು ಹೊಲಿಗೆಯವಳಿಗೆ ಹೇಳು, ಕಾರ್ಡೆಲ್ಲ ವಾಪಸು ತೆಗೆದುಕೋ, ಬದಲಿ ಕಾರ್ಡು ಇವತ್ತೇ ಕಳಿಸುತ್ತೇನೆ ಎಂದೆ. ಕುಶನೂರಿನ ಆ ಸೊಸೆಯ ಮನೆಯ ಐದು ಸರಿಯಾದ ಕಾರ್ಡು ಮತ್ತು ಮೂಲ ಮೆಸೇಜಿನ ಒಂದು ಪ್ರತಿ ಪ್ರಿಂಟು ತೆಗೆದೆ. ಪ್ಲಾಸ್ಟಿಕ್ ಹೊದಿಸಲು ಹೊತ್ತಿರಲಿಲ್ಲ. ಪ್ರಿನ್ಸಿಪಾಲರಿಗೆ ಏನೋ ಒಂದು ಹೇಳಿ ಔರಾದದ ಬಸ್ಸು ಹತ್ತಿದೆ.

ಬಸ್ಸು ಕಂಡಕಂಡಲ್ಲೆಲ್ಲ ನಿಂತಿತು. ಸೋಯಾಬೀನ್ ಚೀಲ ಹೇರಲೊಮ್ಮೆ, ಕಂಡಕ್ಟರ್ ಚಹಾ ಕುಡಿಯಲೊಮ್ಮೆ. ನನ್ನ ಪಕ್ಕದ ಮುದುಕಪ್ಪ ಹೊಲದ ತೊಗರಿಯ ಬಗ್ಗೆ ಮರಾಠಿ ಬೆರೆಸಿ ಏನೇನೋ ಹೇಳುತ್ತಿದ್ದ. ಹೂಂ ಹೂಂ ಎನ್ನುತ್ತಿದ್ದೆ. ಔರಾದದಲ್ಲಿ ಅವರು ಹೋಗುವ ಸಣ್ಣ ದವಾಖಾನೆಯ ನಂಬರನ್ನು ಹೊಲಿಗೆಯವಳಿಂದ ತರಿಸಿಕೊಂಡು ಒಂಬತ್ತು ಸಲ ಹಚ್ಚಿದೆ, ಯಾರೂ ಎತ್ತಲಿಲ್ಲ.

ದಾರಿಯ ಅರ್ಧದಲ್ಲಿ ಇನ್ನೊಂದು ಭಯ ಎದ್ದಿತು, ಮೊದಲಿನದಕ್ಕಿಂತ ಕೆಟ್ಟದ್ದು. ಮೆಸೇಜಿನಲ್ಲಿ ಸೊಸೆಯ ಸಾಲಿನ ಕೊನೆಗೆ ಏನೂ ಇಲ್ಲ ಎಂದಿದೆ ಸರಿ. ಅದನ್ನು ಬರೆಸಿದವರು ಯಾರು? ಸೊಸೆಯೋ, ಅತ್ತೆಯೋ, ಹೊಲಿಗೆಯವಳೇ ಅಂದಾಜಿನಲ್ಲಿ ಹಾಕಿದಳೋ? ಈಗ ನಾನು ಹೋಗಿ ಆಗುತ್ತದೆ ಎಂದು ಹೇಳಿ, ಸೂಜಿ ಹಾಕಿಸಿ, ನಿಜಕ್ಕೂ ಆಗದೆ ಹೋದರೆ? ಒಂದು ಸಲ ಕಾರ್ಡು ನಂಬಿ ಹುಡುಗಿಯನ್ನು ಹಾಸಿಗೆಗೆ ಹಾಕಿದೆ, ಇನ್ನೊಂದು ಸಲ ಕಾರ್ಡು ನಂಬಿ ಕೊಲ್ಲಲು ಹೊರಟಿದ್ದೇನೆಯೇ? ಕೈಯಲ್ಲಿನ ಕಾಗದವನ್ನು ಎಷ್ಟು ಸಲ ಬಿಚ್ಚಿ ಓದಿದೆನೆಂದರೆ ಮಡಿಕೆಯಲ್ಲಿ ಹರಿಯಲು ಶುರುವಾಯಿತು. ದೇವರೇ, ಹುಡುಗಿ ಉಳಿಯಲಿ, ಇನ್ನು ಮೇಲೆ ಒಂದಕ್ಷರ ಪ್ರೋಗ್ರಾಂ ಬರೆಯುವುದಿಲ್ಲ ಎಂದು ಹರಕೆ ಹೊತ್ತೆ. ಅದು ನಡೆಯುವ ಹರಕೆಯಲ್ಲ ಎಂದು ಆಗಲೇ ಗೊತ್ತಿತ್ತು.

ದವಾಖಾನೆಯಲ್ಲಿ ಅವರು ಬೆಂಚಿನ ಮೇಲೆ ಕೂತಿದ್ದರು. ಅತ್ತೆ ದಪ್ಪ ಹೆಂಗಸು, ಕೊರಳಲ್ಲಿ ಲಿಂಗದ ಕರಡಿಗೆ, ಮಡಿಲಲ್ಲಿ ಕಾಗದಗಳ ಪ್ಲಾಸ್ಟಿಕ್ ಚೀಲ. ಸೊಸೆ ಗೋಡೆಗೆ ಒರಗಿ ಬಾಯಿಂದ ಉಸಿರಾಡುತ್ತಿದ್ದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ನಾನು ಯಾರೆಂದು ಹೇಳಿದ ಕೂಡಲೇ ಅತ್ತೆ ಎದ್ದು ಕೈಮುಗಿದಳು.

"ಸಿಸ್ಟರ್ ಮಗಳೇನ್ರಿ ನೀವು? ಛಲೋ ಆಯ್ತು ಬಂದ್ರಿ. ಡಾಕ್ಟರ್ ಒಳಗ ಸೂಜಿ ಹಾಕ್ಬೇಕು ಅಂತ ಹಟ ಮಾಡ್ಲಕತ್ತಾರ. ನಾ ಕಾರ್ಡ್ ತೋರಿಸೀನಿ. ನಮ್ಮ ಮನಿಗಿ ಆಗಂಗಿಲ್ಲ ಅಂದ್ರೂ ಕೇಳವಲ್ರು. ನೀವು ಹೇಳ್ರಿ ಅವರಿಗಿ."

ನನಗೆ ಕೈಮುಗಿದ ಹೆಂಗಸಿಗೆ ಏನೆಂದು ಶುರುಮಾಡಲಿ? "ಅವ್ವಾ, ಕಾರ್ಡ್ ತಪ್ಪ ಅದ," ಎಂದೆ. "ನಾನೇ ಮಾಡಿದ ತಪ್ಪು. ನಿಮಗಷ್ಟೇ ಆಗಂಗಿಲ್ಲ. ನಿಮ್ಮದನ್ನ ಎಲ್ಲರಿಗೂ ಹಚ್ಚಿಬಿಟ್ಟೀನಿ."

ಅವಳು ನನ್ನನ್ನೂ ಕಾರ್ಡನ್ನೂ ನೋಡಿದಳು. "ಮಷಿನ್ ತಪ್ಪ ಮಾಡ್ತದೇನ್ರಿ?"

"ಮಷಿನ್ ಮಾಡಿಲ್ಲವ್ವಾ, ನಾ ಮಾಡೀನಿ."

ಒಳಗೆ ಡಾಕ್ಟರು ವಯಸ್ಸಾದವರು, ಮಾತು ಒರಟು. ಹರಿದ ಮಡಿಕೆಯ ನನ್ನ ಕಾಗದವನ್ನೂ ಹೊಳೆಯುವ ಹಳೆಯ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಎರಡು ತಿಂಗಳದಿಂದ ನಮ್ಮ ನರ್ಸ್ ಇದನ್ನ ನೋಡಿ ಸೂಜಿ ಹಾಕಿಲ್ಲ. ಅಕಿ ಹೊಸಬಾಕಿ, ಕಾರ್ಡ್ ಮೀರಿ ಹಾಕೂ ಧೈರ್ಯ ಅಕಿಗಿಲ್ಲ. ಈಗ ನೀವು ಇನ್ನೊಂದು ತಂದೀರಿ. ಇದು ಖರೇ ಅಂತ ನಾ ಹ್ಯಾಂಗ ನಂಬ್ಬೇಕ್ರಿ ಮೇಡಂ?"

ನಂಬಬೇಡಿ, ನೀವೇ ನೋಡಿ ಎಂದೆ.

ಅವರು ಸೊಸೆಯನ್ನು ಕರೆದು ಮಲಗಿಸಿ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕಮಲನಗರದಲ್ಲಿ ಹಾಕಿಸಿಕೊಂಡ ಸೂಜಿಗಳ ಚೀಟಿ ಇದೆಯೇ ಎಂದರು. ಇತ್ತು, ಅತ್ತೆಯ ಪ್ಲಾಸ್ಟಿಕ್ ಚೀಲದ ತಳದಲ್ಲಿ, ಎಲ್ಲರ ಕಾಗದಗಳ ಕೆಳಗೆ. ವರ್ಷಗಟ್ಟಲೆಯ ತಾರೀಖುಗಳು ಸಾಲಾಗಿದ್ದವು. ಆದರೂ ಅವರು ಮೊದಲು ಮುಂಗೈಯಲ್ಲಿ ಒಂದು ಹನಿ ಪರೀಕ್ಷೆಯ ಸೂಜಿ ಹಾಕಿದರು. ಅದರ ಸುತ್ತ ಪೆನ್ನಿನಿಂದ ಒಂದು ವೃತ್ತ ಬರೆದರು. ಅರ್ಧ ಗಂಟೆ ಹೊರಗೆ ಕೂತಿರಿ, ತುರಿಕೆ ಬಂದರೆ, ಕೆಂಪಾದರೆ, ಗಂಟಲು ಬಿಗಿದರೆ ಕೂಗಿರಿ ಎಂದರು.

ಆ ಅರ್ಧ ಗಂಟೆ ನನ್ನ ಬದುಕಿನಲ್ಲೇ ಉದ್ದವಾದದ್ದು. ಬೆಂಚಿನ ಮೇಲೆ ಸೊಸೆ ನಡುವೆ, ಆಚೆ ಅತ್ತೆ, ಈಚೆ ನಾನು. ನನ್ನ ಕಣ್ಣು ಆ ವೃತ್ತದ ಮೇಲೆ. ಕೆಂಪಾಯಿತೇ? ಇಲ್ಲ, ಬೆಳಕು. ಈಗ? ನಿಮಿಷಕ್ಕೊಮ್ಮೆ "ತುರಸ್ತದೇನು?" ಎಂದು ಕೇಳಿ ಅವಳನ್ನೂ ಹೈರಾಣ ಮಾಡಿದೆ. "ಇಲ್ರಿ," ಎನ್ನುತ್ತಿದ್ದಳು ಪ್ರತಿ ಸಲ, ಮೆಲ್ಲಗೆ. ಅತ್ತೆ ಸೆರಗಿನ ಒಳಗೆ ಏನೋ ಜಪಿಸುತ್ತಿದ್ದಳು. ಒಮ್ಮೆ ಹುಡುಗಿ ಕೆಮ್ಮಿದಳು. ನಾವಿಬ್ಬರೂ ಒಟ್ಟಿಗೆ ಎದ್ದು ನಿಂತೆವು.

ಏನೂ ಆಗಲಿಲ್ಲ. ಚರ್ಮ ಇದ್ದ ಹಾಗೇ ಇತ್ತು. ಡಾಕ್ಟರು ನೋಡಿ ತಲೆಯಾಡಿಸಿದರು. ಒಳಗೆ ಕರೆದು ತಿಂಗಳ ಸೂಜಿ ಹಾಕಿದರು, ಜ್ವರಕ್ಕೂ ಮೊಣಕಾಲಿಗೂ ಔಷಧ ಬರೆದರು, ನಾಳೆಯೇ ಬೀದರಿಗೆ ಹೋಗಿ ಹೃದಯದ ಸ್ಕ್ಯಾನ್ ಮಾಡಿಸಲೇಬೇಕು ಎಂದರು. "ಮೊದಲಿಗಿಂತ ಬಿಗಡಾಯಿಸ್ಯದೋ ಇಲ್ಲೋ, ನೋಡಿದ ಮ್ಯಾಲ ಗೊತ್ತಾಗ್ತದ," ಎಂದು ನನ್ನ ಮುಖ ನೋಡಿಯೇ ಹೇಳಿದರು. ಆ ನೋಟ ನನಗೆ ಸಲ್ಲಬೇಕಾದದ್ದೇ.

ಅತ್ತೆ ಔಷಧ ತರಲು ಕಿಟಕಿಯ ಬಳಿ ಹೋದಳು. ಸೂಜಿಯ ನೋವಿಗೆ ಒಂದು ಮಗ್ಗುಲಾಗಿ ಕೂತ ಹುಡುಗಿಗೆ ನಾನು ಹೊಸ ಕಾರ್ಡು ಕೊಟ್ಟು, ಹಳೆಯದನ್ನು ಕೊಡು, ಹರಿದು ಹಾಕುತ್ತೇನೆ ಎಂದೆ. ಅವಳು ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇದು ನನ್ನ ಹಂತ್ಯಾಕ ಇರ್ಲ್ರಿ ಅಕ್ಕಾ."

"ಹುಚ್ಚಿ ಏನ ನೀನು? ಇದರಿಂದ ಈ ಗತಿ ಬಂದದ," ಎಂದು ರೇಗಿದೆ. "ನಿನಗ ಗೊತ್ತಿತ್ತಲ್ಲ, ಸಣ್ಣಾಕಿ ಇದ್ದಾಗಿಂದ ಹಾಕಿಸ್ಕೊಂಡೀಯಲ್ಲ. ಅವತ್ತೇ ಯಾಕ ಹೇಳಲಿಲ್ಲ?"

ಅವಳು ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಾವು ಓಡಿಹೋಗಿ ಲಗ್ನ ಆದವ್ರು ಇದ್ದೇವ್ರಿ. ನಮ್ಮ ಮನಿಯವ್ರು ನನ್ನ ಬಿಟ್ಟಾರ. ಇಲ್ಲಿ ಅತ್ತಿ ಆರು ತಿಂಗಳ ನನ್ನ ಕೂಡ ಮಾತಾಡಿದ್ದಿಲ್ಲ, ನಾ ಮಾಡಿದ ರೊಟ್ಟಿ ಮುಟ್ಟಿದ್ದಿಲ್ಲ. ಈ ಕಾರ್ಡ್ ಬಂದ ದಿನ ಅಕಿದೂ ನನ್ನದೂ ಬಾಜು ಬಾಜು ಇಟ್ಟು ಓದಿಸಿದ್ಳು. ನೋಡ್ರಿ, ಇಕಿದೂ ನಮ್ಮ ಮನಿ ಮೈನೇ ಅದ ಅಂತ ಓಣಿ ಮಂದಿಗೆಲ್ಲ ಹೇಳಿದ್ಳು. ಅವತ್ತು ರಾತ್ರಿ ನನ್ನ ತಾಟಿಗಿ ತಾನೇ ನೀಡಿದ್ಳು. ನಾ ಹ್ಯಾಂಗ ಹೇಳ್ಲಿ, ಇದು ನಂದಲ್ಲ ಅಂತ?"

ಆದರೆ ತಪ್ಪು ಕಾರ್ಡನ್ನು ಆ ಮನೆಯಲ್ಲಿ ಬಿಟ್ಟುಬರಲು ನನ್ನಿಂದಾಗಲಿಲ್ಲ. ಇನ್ನಾವ ದಿನ, ಇನ್ನಾವ ನರ್ಸು ಅದನ್ನೇ ನೋಡಿ ಕೈ ಹಿಂದೆಗೆದರೆ? ಅವಳ ಬೆರಳು ಒಂದೊಂದಾಗಿ ಬಿಡಿಸಿ ಕಾರ್ಡು ತೆಗೆದುಕೊಂಡೆ. ಪ್ಲಾಸ್ಟಿಕ್ ಹರಿಯಲಿಲ್ಲ. ನರ್ಸಿನ ಕತ್ತರಿ ಕೇಳಿ ಇಸಿದುಕೊಂಡು ನಾಲ್ಕು ತುಂಡು ಮಾಡಿದೆ. ಹುಡುಗಿ ಗೋಡೆಯ ಕಡೆ ತಿರುಗಿದಳು. ಅಳು ನನಗೂ ಬಂತು, ಕತ್ತರಿ ವಾಪಸು ಕೊಡುವ ನೆಪದಲ್ಲಿ ಎದ್ದುಹೋದೆ.

ತಿರುಗಿ ಬಂದಾಗ ಅತ್ತೆ ಔಷಧದ ಪೊಟ್ಟಣ ಹಿಡಿದು ಅಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಬೆಂಚಿನ ಮೇಲಿನ ತುಂಡುಗಳನ್ನೂ ಸೊಸೆಯ ಬೆನ್ನನ್ನೂ ನೋಡಿದಳು. ಹೊಸ ಕಾರ್ಡನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ಇದರ ಹಿಂದ ಜಾಗಾ ಅದಲ್ರಿ? ಅಲ್ಲಿ ನನ್ನ ಫೋನ್ ನಂಬರ್ ಬರೀರಿ."

"ಗಂಡಂದು ಬರ್ದ್ರ..." ಎಂದೆ.

"ಅಂವ ದಿನಾ ಡ್ಯೂಟಿ ಮ್ಯಾಲ ಇರ್ತಾನ. ಇಕಿಗಿ ಏನರ ಆದ್ರ ನನಗ ಹೇಳ್ಬೇಕು." ಬೆಂಚಿನ ಮೇಲಿನ ತುಂಡುಗಳನ್ನು ಬದಿಗೆ ಸರಿಸಿದಳು. "ಸೂಜಿ ಬ್ಯಾಡ ಅಂದಾಕಿ ನಾನೇ ಇದ್ದೇನ್ರಿ. ಕಾರ್ಡ್ ಅಲ್ಲ. ಅಕಿ ಒಂದ್ ಮಾತು ಬೇಕು ಅಂದಿದ್ರೂ ನಾ ಹಾಕಸ್ತಿದ್ದಿಲ್ಲ."

ಸೊಸೆ ತಿರುಗಲಿಲ್ಲ. ಅತ್ತೆ ಅವಳ ಪಕ್ಕದಲ್ಲಿ ಕೂತು ಆ ಪೆನ್ನಿನ ವೃತ್ತವಿದ್ದ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ನಂಬರು ಬಾಯಲ್ಲಿ ಬರಲಿಲ್ಲ, ಫೋನು ತೆಗೆದು ನೋಡಿ ಹೇಳಿದಳು. ನಾನು ಒಂದೊಂದೇ ಅಂಕಿಯಾಗಿ ಬರೆದೆ, ಓದಿ ಹೇಳಿದೆ. ನಂಬಿಕೆ ಬರದೆ ಇನ್ನೊಮ್ಮೆ ಓದಿ, ನನ್ನ ಫೋನಿನಿಂದ ಆ ನಂಬರಿಗೆ ಹಚ್ಚಿದೆ. ಅವಳ ಕೈಯಲ್ಲಿದ್ದ ಫೋನು ರಿಂಗಾಯಿತು.